ಗೊತ್ತೈತ್ರೀ ಅಕ್ಕಾರ

ಮೊನ್ನೆ ಪರಿಚಯದ ಲೆಕ್ಚರರ್ ಒಬ್ರು ಫೋನ್ ಮಾಡಿದ್ರು, ಡಿಸೆಂಬರ್ ಒಂದಕ್ಕೆ ಕಾಲೇಜಲ್ಲಿ ಏಡ್ಸ್ ದಿನದ ಕಾರ್ಯಕ್ರಮ ಇದೆ, ನೀವು ಮೊದಲು ಆ ಪ್ರಾಜೆಕ್ಟಲ್ಲಿ ಇದ್ರಲ್ಲ, ಬಂದು ಹುಡುಗ್ರಿಗೆ ಅರ್ಧ ಗಂಟೆ ಮಾತಾಡಿ ಅಂತ. ಬ್ಯಾನರ್ ಡಿಸೈನೂ ವಾಟ್ಸಾಪಲ್ಲಿ ಕಳಿಸಿದ್ರು. ಕೆಂಪು ರಿಬ್ಬನ್, ಅದರ ಕೆಳಗೆ ದೊಡ್ಡಕ್ಷರದಲ್ಲಿ ‘ಅರಿವೇ ಮದ್ದು’. ಬರ್ತೀನಿ ಸರ್ ಅಂದೆ. ಆದ್ರೆ ಫೋನ್ ಇಟ್ಟ ಮೇಲೆ ಆ ಎರಡು ಪದ ತಲೇಲಿ ಕೂತ್ಬಿಡ್ತು, ಯಾಕಂದ್ರೆ ಬಾಗಲಕೋಟೆ ಜಿಲ್ಲೇಲಿ ಆರೇಳು ವರ್ಷ ಎಚ್‌ಐವಿ ತಡೆ ಪ್ರಾಜೆಕ್ಟಲ್ಲಿ ಜನ ಇದ್ದಲ್ಲಿಗೇ ಹೋಗಿ ಮಾಡೋ ಔಟ್‌ರೀಚ್ ಕೆಲಸ ಮಾಡುವಾಗ ನಾನು ದಿನಾ ಕೇಳಿಸ್ಕೊಂಡ ಮಾತು ಒಂದೇ, ‘ಗೊತ್ತೈತ್ರೀ ಅಕ್ಕಾರ’. ಹೆಂಗ್ ಬರುತ್ತೆ ಗೊತ್ತೈತಿ, ನಿರೋಧ ಹಾಕ್ಬೇಕು ಗೊತ್ತೈತಿ, ರಕ್ತ ಚೆಕ್ ಮಾಡಿಸ್ಬೇಕು ಅದೂ ಗೊತ್ತೈತಿ. ಗೊತ್ತಿದ್ದೂ ಯಾಕೆ ಆಗ್ತಿರ್ಲಿಲ್ಲ ಅನ್ನೋದನ್ನ ಅರ್ಥ ಮಾಡ್ಕೊಳೋಕೆ ನನಗೇ ವರ್ಷಗಟ್ಟಲೆ ಬೇಕಾಯ್ತು. ಅರ್ಧ ಗಂಟೇಲಿ ಇದನ್ನ ಹೇಳೋಕಾಗುತ್ತೋ ಇಲ್ವೋ, ಅದಕ್ಕೆ ಮೊದಲು ಇಲ್ಲಿ ಬರೆದು ನೋಡ್ತೀನಿ.

ನಾನು ದಾವಣಗೆರೆ ಕಡೆಯವಳು, 2005ರಲ್ಲಿ ಕೆಲಸ ಸಿಕ್ಕಿ ಈ ಕಡೆ ಬಂದೆ, ಬಂದವಳು ಇಲ್ಲೇ ಉಳಿದೆ. ಸೇರಿದ ಮೊದಲ ವಾರವೇ ಪರಿಚಯ ಆದವಳು ದೊಡ್ಡಕ್ಕ. ಹೆಸರು ಇಲ್ಲಿ ಹಾಕಲ್ಲ, ನಾವೆಲ್ಲ ಕರೀತಿದ್ದಿದ್ದೂ ದೊಡ್ಡಕ್ಕ ಅಂತಲೇ. ಚಿಕ್ಕ ಹುಡುಗಿ ಇದ್ದಾಗ ಮುತ್ತು ಕಟ್ಟಿ ದೇವದಾಸಿ ಮಾಡಿದ್ರು, ಆಮೇಲೆ ಕೆಲವು ವರ್ಷ ಸಾಂಗ್ಲಿ ಮಿರಜ್ ಕಡೆ ಇದ್ದು, ತಾಯಿ ಹಾಸಿಗೆ ಹಿಡಿದ ಮೇಲೆ ಊರಿಗೆ ವಾಪಸ್ ಬಂದು ಬಸ್ ಸ್ಟ್ಯಾಂಡ್ ಕಡೆ ದಂಧೆ ಮಾಡ್ತಿದ್ಲು. ಸೊಂಟದಲ್ಲಿ ಯಾವಾಗ್ಲೂ ಒಂದು ಚಂಚಿ ಇರೋದು, ಹಳೇ ಸೀರೆ ತುಂಡು ಸೇರಿಸಿ ಕೈಯಲ್ಲೇ ಹೊಲಿದಿದ್ದು, ಒಂದು ಖಾನೇಲಿ ಎಲೆ, ಇನ್ನೊಂದರಲ್ಲಿ ಅಡಿಕೆ ಮತ್ತೆ ಸುಣ್ಣದ ಡಬ್ಬಿ, ಒಳಗಿನ ಖಾನೇಲಿ ದುಡ್ಡು. ನಮ್ಮ ಪಿಯರ್, ಅಂದ್ರೆ ಆ ಹೆಂಗಸರಲ್ಲೇ ಒಬ್ಬಳಾದ ಕಾರ್ಯಕರ್ತೆ, ಕೊಡೋ ನಿರೋಧನ್ನೂ ಆ ದುಡ್ಡಿನ ಖಾನೇಲೇ ಇಡ್ತಿದ್ಲು. ಡೆಮೊ ಮಾಡು ಅಂದ್ರೆ ಕಟ್ಟಿಗೆ ಮಾಡೆಲ್ ಮೇಲೆ ನಮಗಿಂತ ಚೆನ್ನಾಗಿ ಮಾಡಿ ತೋರಿಸೋಳು, ತುದೀಲಿ ಗಾಳಿ ಹಿಂಡೋದು, ಗಂಟು ಹಾಕಿ ಕಾಗದದಲ್ಲಿ ಸುತ್ತಿ ಬಿಸಾಡೋದು, ಒಂದೂ ತಪ್ಪಲ್ಲ.

ಕೆಲವು ತಿಂಗಳಾದ ಮೇಲೆ ಒಂದಿನ ಹತ್ತು ಪ್ಯಾಕೆಟ್ ಕೊಟ್ರೆ ಎರಡೇ ಎರಡು ಎತ್ಕೊಂಡು ಉಳಿದಿದ್ದು ವಾಪಸ್ ಕೊಟ್ಲು. ಮುಂದಿನ ವಾರ ಅದೂ ಬೇಡ ಅಂದ್ಲು. ನಾನು ರಿಪೋರ್ಟಿನ ಫಾರ್ಮ್ಯಾಟಲ್ಲಿ ಕಾರಣ ಅನ್ನೋ ಕಾಲಮ್ಮಲ್ಲಿ ‘ಅರಿವಿನ ಕೊರತೆ, ಇನ್ನೊಮ್ಮೆ ಕೌನ್ಸೆಲಿಂಗ್ ಬೇಕು’ ಅಂತ ಬರೆದೆ. ಇವತ್ತಿಗೂ ಆ ಸಾಲು ನೆನಪಾದ್ರೆ ಹೊಟ್ಟೇಲಿ ಏನೋ ಆಗುತ್ತೆ. ಆಮೇಲೆ ಆಕೇನೇ ಹೇಳಿದ್ಲು, ಹಿಂದಿನ ತಿಂಗಳು ರಾತ್ರಿ ಪೊಲೀಸ್ನೋರು ಹಿಡಿದು ಚಂಚಿ ಕೊಡವಿದ್ರಂತೆ, ಎಲೆ ಅಡಿಕೆ ಎಲ್ಲ ನೆಲಕ್ಕೆ ಬಿದ್ದು ಅದರ ಜೊತೆ ನಿರೋಧೂ ಬಿತ್ತು, ಇನ್ನೇನು ಸಾಕ್ಷಿ ಬೇಕು ನಿಂಗೆ ಅಂತ ಲಾಠಿ ತಗೊಂಡ್ರಂತೆ. ತೋಳಿನ ಮೇಲಿನ ಬಾಸುಂಡೆ ತೋರಿಸಿದ್ಲು, ಹಸಿರುಗಟ್ಟಿತ್ತು. ‘ಅಕ್ಕಾರ, ನಿರೋಧ ಇಲ್ಲಂದ್ರ ಮುಂದ ಯಾವಾಗರ ಜಡ್ಡು ಬರತೈತಿ. ಚಂಚ್ಯಾಗ ನಿರೋಧ ಇದ್ರ ಇವತ್ತ ರಾತ್ರಿನ ಏಟು ಬೀಳ್ತಾವ. ನೀವ ಹೇಳ್ರಿ, ನಾ ಯಾವುದಕ್ಕ ಅಂಜಲಿ?’

ನಾನು ಏನೂ ಹೇಳ್ಲಿಲ್ಲ. ಹೇಳೋಕೆ ಏನಿತ್ತು. ಟ್ರೇನಿಂಗಲ್ಲಿ ‘ಸ್ಟ್ರಕ್ಚರಲ್ ಫ್ಯಾಕ್ಟರ್ಸ್’ ಅಂತ ಚಾರ್ಟ್ ಮೇಲೆ ಬರೆದು ಬಾಣದ ಗುರುತು ಹಾಕಿದ್ರು, ಬಡತನ, ಜಾತಿ, ಕಾನೂನು, ಹಿಂಸೆ, ವಲಸೆ ಅಂತ, ನಾನೂ ನೋಟ್ಸ್ ಬರ್ಕೊಂಡಿದ್ದೆ. ಅದು ಅರ್ಥ ಆಗಿದ್ದು ಮಾತ್ರ ಆ ತೋಳು ನೋಡಿದ ದಿನ.

ಕಾನೂನು ಏನು ಹೇಳುತ್ತೆ ಅನ್ನೋದು ಇಲ್ಲಿ ಹೇಳ್ಬೇಕು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಪ್ರಕಾರ ಒಬ್ಬ ಹೆಂಗಸು ತನ್ನಿಷ್ಟದಿಂದ ದುಡ್ಡು ತಗೊಂಡು ಸಂಬಂಧ ಇಟ್ಕೊಂಡ್ರೆ ಅದೇ ಒಂದು ಅಪರಾಧ ಅಲ್ಲ, ಮನೆ ಇಟ್ಟು ದಂಧೆ ನಡೆಸೋದು, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯೋದು ಅಪರಾಧ. ಆದ್ರೆ ಕರೆದ್ಲಾ ಇಲ್ವಾ ಅಂತ ಸಾಬೀತು ಮಾಡೋದು ಹೇಗೆ? ಚೀಲದಲ್ಲಿ ಸಿಕ್ಕ ನಿರೋಧೇ ಸಾಕ್ಷಿ. ಸರ್ಕಾರದ ಒಂದು ಇಲಾಖೆ ಫ್ರೀಯಾಗಿ ಹಂಚಿದ್ದನ್ನ ಇನ್ನೊಂದು ಇಲಾಖೆ ಅಪರಾಧದ ಗುರುತು ಅಂತ ನೋಡಿದ್ರೆ ನಡುವೆ ನಿಂತ ಹೆಂಗಸಿನ ಗತಿ ಏನು ಅಂತ ಯೋಚ್ನೆ ಮಾಡಿ. ಇದು ನಮ್ಮ ಊರಲ್ಲಿ ಮಾತ್ರ ಆಗಿದ್ದಲ್ಲ, 2001ರಲ್ಲಿ ಲಕ್ನೋದಲ್ಲಿ ಏಡ್ಸ್ ತಡೆ ಕೆಲಸ ಮಾಡ್ತಿದ್ದ ಔಟ್‌ರೀಚ್ ಕಾರ್ಯಕರ್ತರನ್ನೇ ಹಿಡಿದು 47 ದಿನ ಜೈಲಲ್ಲಿ ಇಟ್ಟಿದ್ರು.

ಬಾಗಲಕೋಟೆ ಅಂದ್ರೆ ಆಗ ನಮ್ಮ ಫೀಲ್ಡಿನೋರಿಗೆಲ್ಲ ಒಂದು ಭಯ ಇತ್ತು. 2003ರ ಸುಮಾರಿಗೆ ಜಿಲ್ಲೆಯ ಮೂರು ತಾಲೂಕುಗಳಲ್ಲಿ ಸಾಮಾನ್ಯ ಜನರ ಮಧ್ಯೆಯೇ ರಕ್ತ ಪರೀಕ್ಷೆ ಮಾಡಿ ನಡೆಸಿದ ಅಧ್ಯಯನದಲ್ಲಿ ನೂರಕ್ಕೆ 2.9 ಜನರಲ್ಲಿ ಸೋಂಕು ಕಂಡಿತ್ತು. ಇವತ್ತು ಇಡೀ ದೇಶದ ವಯಸ್ಕರ ಲೆಕ್ಕ ನೂರಕ್ಕೆ 0.2, ಹೋಲಿಸಿ ನೋಡಿ. ಅದೂ ದೊಡ್ಡ ಸಿಟಿ ಅಲ್ಲ, ಹೈವೇ ಪಕ್ಕ ಮಾತ್ರ ಅಲ್ಲ, ಮಣ್ಣಿನ ಗೋಡೆ ಮನೆಯ ಹಳ್ಳಿಗಳು. ಅಲ್ಲಿನೋರು ಬೇರೆ ಜಿಲ್ಲೆಯವರಿಗಿಂತ ಕೆಟ್ಟವ್ರು ಅಂತಲ್ಲ ಕಣ್ರೀ, ಹಾಗೆ ಮಾತಾಡಿದ ಆಫೀಸರುಗಳನ್ನ ನಾನು ಕಿವಿಯಾರೆ ಕೇಳಿದೀನಿ, ಸಿಟ್ಟು ಬರೋದು. ಮಳೆ ನಂಬಿದ ಹೊಲ, ಸುಗ್ಗಿ ಮುಗಿದ್ರೆ ಗಂಡಸರು ಗೋವಾಕ್ಕೆ ಗೌಂಡಿ ಕೆಲಸಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ. ಹುಡುಗೀರು ಸಾಂಗ್ಲಿ, ಕೊಲ್ಲಾಪುರ, ಮುಂಬೈಗೆ. ಅದರ ಮೇಲೆ ದೇವರ ಹೆಸರಲ್ಲಿ ದಲಿತ ಕೇರಿಯ ಹುಡುಗೀರಿಗೆ ಮುತ್ತು ಕಟ್ಟೋ ಪದ್ಧತಿ, 1982ರಲ್ಲೇ ಕಾಯ್ದೆ ತಂದು ನಿಷೇಧ ಮಾಡಿದ್ರೂ ಕದ್ದು ಮುಚ್ಚಿ ನಡೀತಾನೇ ಇತ್ತು. ಮುತ್ತು ಕಟ್ಟಿಸ್ಕೊಂಡ ಎಲ್ರೂ ದಂಧೆಗೆ ಇಳೀತಾರೆ ಅನ್ನೋದು ತಪ್ಪು, ಎಷ್ಟೋ ಜನ ಕೂಲಿ ಮಾಡ್ಕೊಂಡು ಮಕ್ಕಳನ್ನ ಸಾಕ್ತಿದ್ದಾರೆ, ಆದ್ರೆ ಹೊಲ ಇಲ್ಲ ಗಂಡ ಇಲ್ಲ ತಾಯಿ ತಮ್ಮಂದಿರ ಹೊಟ್ಟೆ ತುಂಬಿಸೋ ಜವಾಬ್ದಾರಿ ಹದಿನಾಲ್ಕು ವರ್ಷದ ಹುಡುಗಿ ತಲೆ ಮೇಲೆ ಹಾಕಿದ್ರೆ ಅವಳಿಗೆ ಇನ್ಯಾವ ದಾರಿ ಇರುತ್ತೆ. 1993-94 ಮತ್ತೆ 2007-08ರ ಸರ್ಕಾರಿ ಸಮೀಕ್ಷೆ ಎರಡೂ ಸೇರಿ ರಾಜ್ಯದಲ್ಲಿ 46,660 ದೇವದಾಸಿ ಮಹಿಳೆಯರನ್ನ ಗುರುತಿಸಿದ್ರು. ಗುರುತಿಸದೆ ಬಿಟ್ಟವರು ಬೇರೆ, ಅವರ ವಿಷಯ ಆಮೇಲೆ ಹೇಳ್ತೀನಿ.

ಹಾಗಾದ್ರೆ ಏನು ಬದಲಾಯ್ತು? ನನ್ನ ಕಣ್ಣೆದುರಿಗೆ ಬದಲಾಗಿದ್ದು ದಂಧೆಯ ಹೆಂಗಸರು ತಾವೇ ಸೇರಿ ಕಟ್ಕೊಂಡ ಸಂಘದಿಂದ. 2003ರಿಂದ ಗೇಟ್ಸ್ ಫೌಂಡೇಶನ್ನಿನ ಆವಾಹನ್ ಅನ್ನೋ ಎಚ್‌ಐವಿ ತಡೆ ಕಾರ್ಯಕ್ರಮ ಆರು ರಾಜ್ಯದಲ್ಲಿ ಶುರುವಾಗಿತ್ತು, ಕರ್ನಾಟಕವೂ ಅದರಲ್ಲಿ ಒಂದು. ಮೊದಮೊದಲು ಎಲ್ರೂ ಎಷ್ಟು ನಿರೋಧ ಹಂಚಿದ್ರಿ, ಎಷ್ಟು ಜನ ಕ್ಲಿನಿಕ್ಕಿಗೆ ಬಂದ್ರು ಅಂತಲೇ ಕೇಳೋರು. ಹೆಂಗಸರ ಜೊತೆ ಮೀಟಿಂಗ್ ಮಾಡಿ ನಿಮ್ಮ ದೊಡ್ಡ ತೊಂದ್ರೆ ಏನು ಅಂತ ಕೇಳಿದ್ರೆ ಹತ್ತರಲ್ಲಿ ಎಚ್‌ಐವಿ ಒಂಬತ್ತನೇದೋ ಹತ್ತನೇದೋ ಬರ್ತಿತ್ತು. ಮೊದಲನೇದು ಪೊಲೀಸು ಮತ್ತೆ ಗೂಂಡಾಗಳು, ಎರಡನೇದು ಸಾಲ, ಮೂರನೇದು ಮಕ್ಕಳ ಶಾಲೆ. ಮೆಲ್ಲಗೆ ಪ್ರೋಗ್ರಾಮೂ ಅದನ್ನ ಒಪ್ಕೊಳ್ತು. ಕ್ರೈಸಿಸ್ ಟೀಮ್ ಅಂತ ಮಾಡಿದ್ವಿ, ನಾಲ್ಕೈದು ಸಂಘದ ಹೆಂಗಸರು, ಒಬ್ಬ ವಕೀಲರು, ಒಂದು ಮೊಬೈಲು. ಯಾರನ್ನಾದ್ರೂ ಹಿಡಿದ್ರು ಹೊಡೆದ್ರು ಅಂತ ಫೋನ್ ಬಂದ್ರೆ ರಾತ್ರಿ ಹನ್ನೆರಡಾಗ್ಲಿ ಒಂದಾಗ್ಲಿ ಹೊರಡ್ಬೇಕು, ಜಾಸ್ತಿ ಅಂದ್ರೆ 24 ಗಂಟೆ ಒಳಗೆ ಆಕೆ ಹತ್ರ ಯಾರಾದ್ರೂ ಇರ್ಬೇಕು. ಪೊಲೀಸರಿಗೂ ಟ್ರೇನಿಂಗ್ ನಡೀತು, ಕೆಲವು ಕಡೆ ಹೆಂಗಸರೇ ಎದ್ದು ನಿಂತು ಪೊಲೀಸರ ಮುಂದೆ ಮಾತಾಡಿದ್ರು.

ಮೊದಲ ಸಲ ನಾನು ಟೀಮ್ ಜೊತೆ ಠಾಣೆಗೆ ಹೋಗಿದ್ದು ಮರೆಯೋಕಾಗಲ್ಲ. ಚಳಿಗಾಲ, ರಾತ್ರಿ ಒಂದು ಗಂಟೆ ಆಗಿತ್ತು, ಒಬ್ಬಳನ್ನ ಕೂರಿಸ್ಕೊಂಡಿದ್ರು. ನನಗೆ ಕಾಲು ನಡುಗ್ತಿತ್ತು, ಠಾಣೆ ಮೆಟ್ಟಿಲು ಹತ್ತಿದ್ದೇ ಮೊದಲು. ದೊಡ್ಡಕ್ಕ ಮುಂದೆ ಹೋಗಿ ಕೈ ಮುಗಿದು, ಬೆಂಚಿನ ಮೇಲೆ ಕೂತ್ಲು. ಅಷ್ಟು ವರ್ಷ ಅದೇ ಠಾಣೇಲಿ ನೆಲದ ಮೇಲೆ ಕೂತವಳು ಅವತ್ತು ಬೆಂಚಿನ ಮೇಲೆ ಕೂತು, ‘ಸಾಹೇಬ್ರ, ಯಾ ಕಲಮಿನ ಮ್ಯಾಲೆ ಕರಕೊಂಡು ಬಂದೀರಿ ಬರದ ಕೊಡ್ರಿ, ನಮ್ಮ ವಕೀಲ್ರು ಹೊರಗ ನಿಂತಾರ’ ಅಂದ್ಲು. ಹತ್ತು ನಿಮಿಷದಲ್ಲಿ ಬಿಟ್ರು. ಹೊರಗೆ ಬಂದ ಮೇಲೆ ಆಕೆ ಕೈನೂ ನಡುಗ್ತಿತ್ತು, ಚಂಚಿಯಿಂದ ಅಡಿಕೆ ತೆಗೆಯೋಕೂ ಆಗ್ತಿರ್ಲಿಲ್ಲ, ನಾನೇ ತೆಗೆದು ಕೊಟ್ಟೆ.

ಅದಾದ ಮೇಲೆ ಯಾರೂ ಆಕೆಗೆ ಕೌನ್ಸೆಲಿಂಗ್ ಮಾಡ್ಲಿಲ್ಲ, ಹೊಸ ಪೋಸ್ಟರ್ ತೋರಿಸ್ಲಿಲ್ಲ, ತಾನಾಗೇ ವಾರಕ್ಕೆ ಇಪ್ಪತ್ತು ಪ್ಯಾಕೆಟ್ ಕೇಳಿ ಇಸ್ಕೊಳ್ಳೋಕೆ ಶುರು ಮಾಡಿದ್ಲು. ಆ ವರ್ಷಗಳಲ್ಲಿ ಕರ್ನಾಟಕದಲ್ಲಿ ಮಾಡಿದ ಸಂಶೋಧನೆಯಲ್ಲೂ ಇದೇ ಕಂಡಿದ್ದು, ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನಿರೋಧ ಬಳಕೆ ಕಡಿಮೆ, ಗುಪ್ತರೋಗ ಜಾಸ್ತಿ, ಕಾರ್ಯಕ್ರಮ ನಡೆದ ಜಾಗಗಳಲ್ಲಿ ವರ್ಷ ಕಳೆದ ಹಾಗೆ ಹಿಂಸೇನೂ ಇಳಿದಿತ್ತು. ಆವಾಹನ್ ಮೊದಲ ಐದು ವರ್ಷದಲ್ಲಿ ಆರು ರಾಜ್ಯ ಸೇರಿ ಸುಮಾರು ಒಂದು ಲಕ್ಷ ಹೊಸ ಸೋಂಕು ತಡೆದಿರಬಹುದು ಅಂತ 2011ರಲ್ಲಿ ಅಂದಾಜು ಪ್ರಕಟ ಆಯ್ತು. ಆ ಒಂದು ಲಕ್ಷದ ಹಿಂದೆ ಎಷ್ಟು ರಾತ್ರಿ, ಎಷ್ಟು ಠಾಣೆ ಬೆಂಚು ಇದೆ ಅನ್ನೋದು ಲೆಕ್ಕದಲ್ಲಿ ಬರಲ್ಲ.

ಈ ದಾರಿ ತೋರಿಸಿದ್ದು ಕೋಲ್ಕತಾದ ದಂಧೆಯ ಕೇರಿ ಸೋನಾಗಾಚಿ ಅಂತ ಹೇಳ್ಲೇಬೇಕು. 1992ರಲ್ಲಿ ಡಾ. ಸ್ಮರಜಿತ್ ಜಾನಾ ಅಲ್ಲಿ ಕೆಲಸ ಶುರು ಮಾಡಿದ್ರು, ಪಿಯರ್‌ಗಳನ್ನ ಅಲ್ಲಿನ ಹೆಂಗಸರಲ್ಲೇ ಆರಿಸಿದ್ರು, 1995ರಲ್ಲಿ ಅವರದ್ದೇ ಉಷಾ ಅನ್ನೋ ಸಹಕಾರಿ ಸಂಘ ಆಯ್ತು. ಸಾಲಕ್ಕೂ ಎಚ್‌ಐವಿಗೂ ಏನು ಸಂಬಂಧ ಅಂತ ಕೇಳೋರಿಗೆ ನಾನು ಹೇಳೋದು ಇಷ್ಟು: ಸಂಜೆ ಬಡ್ಡಿಯವನು ಬಂದು ಬಾಗಿಲಲ್ಲಿ ಕೂರ್ತಾನೆ ಅಂತ ಗೊತ್ತಿದ್ದಾಗ, ನಿರೋಧ ಬೇಡ ಅಂದ್ರೆ ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅನ್ನೋ ಗಿರಾಕಿಗೆ ಇಲ್ಲ ಅನ್ನೋ ಧೈರ್ಯ ಎಲ್ಲಿಂದ ಬರ್ಬೇಕು? ಕೈಯಲ್ಲಿ ಪಾಸ್‌ಬುಕ್ ಇದ್ರೆ, ಅದರಲ್ಲಿ ಸಾವಿರ ರೂಪಾಯಿ ಇದ್ರೆ, ಆ ‘ಇಲ್ಲ’ ಬಾಯಿಗೆ ಬರುತ್ತೆ. ನಾನು ನೋಡಿದೀನಿ.

ಆದ್ರೆ ಸಂಘದ ಬಲ ಬಸ್ ಸ್ಟ್ಯಾಂಡಲ್ಲಿ ನಡೆದಷ್ಟು ಮನೆ ಒಳಗೆ ನಡೀಲಿಲ್ಲ. ಮೈಸೂರಲ್ಲಿ ಅಶೋದಯ ಸಮಿತಿ ಅಂತ ಲೈಂಗಿಕ ಕಾರ್ಯಕರ್ತೆಯರದ್ದೇ ಸಂಸ್ಥೆ ಇದೆ, ಬಹಳ ಗಟ್ಟಿ ಕೆಲಸ. ಅಲ್ಲಿ 2004ರಿಂದ 2006ರ ಒಳಗೆ ಅಪರೂಪದ ಗಿರಾಕಿ ಜೊತೆ ನಿರೋಧ ಬಳಕೆ ನೂರಕ್ಕೆ 65ರಿಂದ 90ಕ್ಕೆ ಏರಿತ್ತು. ಪದೇ ಪದೇ ಬರೋ ಗಿರಾಕಿ ಜೊತೆ 53ರಿಂದ 66. ಗಂಡ, ಪ್ರೇಮಿ, ಖಾಯಂ ಇರೋ ಮನುಷ್ಯನ ಜೊತೆ ಮಾತ್ರ 7ರಿಂದ 30ಕ್ಕೆ. ಅದೇ ಹೆಂಗಸು, ಅದೇ ತಿಳುವಳಿಕೆ, ಅದೇ ಚೀಲದಲ್ಲಿರೋ ಅದೇ ನಿರೋಧ, ಎದುರಿಗಿರೋನು ಯಾರು ಅನ್ನೋದರ ಮೇಲೆ 90 ಇದ್ದಿದ್ದು 30 ಆಗುತ್ತೆ. ‘ಅಂವಗ ನಿರೋಧ ಹಾಕ್ಕೊ ಅಂದ್ರ ನೀನೂ ಗಿರಾಕಿನ ಅಂದಂಗ ಆಗತೈತಿ’ ಅಂತ ಒಬ್ಬಳು ಹೇಳಿದ್ಲು. ನಂಬಿಕೆ ತೋರಿಸೋಕೆ ಆಕೆ ಹತ್ರ ಇದ್ದಿದ್ದು ಅದೊಂದೇ.

ಇನ್ನು ದಂಧೆಗೂ ತಮಗೂ ಸಂಬಂಧವೇ ಇಲ್ಲದ ಮನೆವಂತಿ ಹೆಂಗಸರು. ಒಂದು ಹಳ್ಳೀಲಿ ಹನುಮಪ್ಪನ ಗುಡಿ ಕಟ್ಟೆ ಮೇಲೆ ಮೀಟಿಂಗ್ ಮಾಡಿದ್ವಿ, ಡೆಮೊ ತೋರಿಸೋವಾಗ ಎಲ್ರೂ ಬಾಯಿಗೆ ಸೆರಗು ಇಟ್ಕೊಂಡು ನಗ್ತಿದ್ರು. ಎಲ್ಲ ಎದ್ದು ಹೋದ ಮೇಲೆ ಒಬ್ಬಳು ಮಾತ್ರ ಉಳಿದ್ಲು, ಇಪ್ಪತ್ತೆರಡು ವರ್ಷ ಇರ್ಬೇಕು, ಕಟ್ಟೆ ಮೇಲಿನ ಒಣ ಎಲೆ ಆರಿಸಿ ಆರಿಸಿ ಕೆಳಗೆ ಹಾಕ್ತಾ ಮಾತಾಡಿದ್ಲು. ಗಂಡ ಗೋವಾದಲ್ಲಿ, ದೀಪಾವಳಿಗೆ ಮತ್ತೆ ಊರ ಜಾತ್ರೆಗೆ ಬರ್ತಾನೆ. ‘ನೀವು ಹೇಳಿದ್ದೆಲ್ಲ ಗೊತ್ತೈತ್ರೀ ಅಕ್ಕಾರ. ಅಲ್ಲಿ ಅಂವ ಹೆಂಗ ಇರ್ತಾನ ಅನ್ನೂದೂ ನನಗ ಗೊತ್ತೈತಿ. ಆದ್ರ ನಾ ನಿರೋಧ ಅಂದ್ರ, ನಾ ಇಲ್ದಾಗ ಇದನ್ನ ಯಾರ ಕೂಡ ಕಲತಿ ಅಂತಾನ. ಮೂರು ದಿನದ ಹಬ್ಬಕ್ಕ ಬಂದಾಂವನ ಕೂಡ ಏನಂತ ಜಗಳ ತೆಗೀಲ್ರಿ?’

ಎರಡು ವರ್ಷ ಆದ ಮೇಲೆ ಎಚ್‌ಐವಿ ಪರೀಕ್ಷೆ ಮಾಡೋ ಸರ್ಕಾರಿ ಕೇಂದ್ರ ಐಸಿಟಿಸಿಯಲ್ಲಿ ಮತ್ತೆ ಸಿಕ್ಕಿದ್ಲು, ಐದು ತಿಂಗಳ ಬಸುರಿ, ರಿಪೋರ್ಟ್ ಪಾಸಿಟಿವ್. ಗುಳಿಗೆ ತಗೊಂಡ್ಲು, ಹೇಳಿದ ಹಾಗೆಲ್ಲ ನಡ್ಕೊಂಡ್ಲು, ಮಗು ಹದಿನೆಂಟು ತಿಂಗಳ ಟೆಸ್ಟಲ್ಲಿ ನೆಗೆಟಿವ್ ಬಂತು, ಆ ದಿನ ನಾವಿಬ್ರೂ ಆಸ್ಪತ್ರೆ ಕಾರಿಡಾರಲ್ಲೇ ಅತ್ತಿದ್ವಿ. ಆದ್ರೆ ಹೆರಿಗೆಗೆ ಹೋದ ಕಡೆ, ಯಾವ ಆಸ್ಪತ್ರೆ ಅಂತ ಬೇಡ, ಕೇಸ್ ಶೀಟ್ ಮೇಲೆ ಕೆಂಪಿಂಕಲ್ಲಿ ದೊಡ್ಡದಾಗಿ ಬರೆದು ಮಂಚದ ತುದಿಗೆ ನೇತು ಹಾಕಿದ್ರು, ನೋಡೋಕೆ ಬಂದ ಊರೋರೆಲ್ಲ ಓದ್ಕೊಂಡ್ರು. ಗಂಡ ತೀರ್ಕೊಂಡ ಮೇಲೆ ಅತ್ತೆ ಮನೆಯವರು, ನಿನ್ನಿಂದಲೇ ನಮ್ಮ ಮಗ ಹೋದ ಅಂತ ಹೊರಗೆ ಹಾಕಿದ್ರು. ಗಂಡನ ಪಾಲಿನ ಎರಡೆಕರೆ ಮೇಲೆ ಆಕೆಗೂ ಮಗೂಗೂ ಹಕ್ಕಿತ್ತು, ತವರಲ್ಲೂ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ತಿದ್ದುಪಡಿ ಆಗಿತ್ತು. ತವರಿನ ಪಾಲು ಕೇಳಿದ್ರೆ ಅಣ್ಣನ ಮನೆ ಬಾಗಿಲೂ ಮುಚ್ಚುತ್ತೆ ಅಂತ ಕೇಳ್ಲಿಲ್ಲ. ಸೋಂಕು ಬಂದ ಮೇಲೆ ಔಷಧಿ ಸಿಕ್ತು. ಬರೋಕೆ ಮುಂಚೆ ‘ಬೇಡ’ ಅನ್ನೋ ಶಕ್ತಿ ಕೊಡೋ ಆ ಎರಡೆಕರೆ ಸಿಗ್ಲಿಲ್ಲ.

ಗಂಡಸರ ಕಡೆನೂ ಇದೇ ಕಥೆ ಬೇರೆ ರೂಪದಲ್ಲಿತ್ತು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ದೇವಿ ಹೆಸರಲ್ಲಿ ಸೀರೆ ಉಡೋ ಜೋಗಪ್ಪಗಳು, ಮನೆಯವರ ಒತ್ತಾಯಕ್ಕೆ ಮದುವೆ ಆಗಿ ಎರಡು ಬದುಕು ನಡೆಸ್ತಿದ್ದ ಹುಡುಗರು, ಇವರನ್ನೆಲ್ಲ 2018ರ ಸೆಪ್ಟೆಂಬರ್ 6ರವರೆಗೂ ಗಂಡು ಗಂಡಿನ ಸಂಬಂಧಾನೂ ಅಪರಾಧ ಅಂತಿದ್ದ 377ನೇ ಸೆಕ್ಷನ್ ಹೆಸರು ಹೇಳಿ ಯಾರು ಬೇಕಾದ್ರೂ ಹೆದರಿಸಬಹುದಿತ್ತು. ಹೆದರಿದವನು ಕ್ಲಿನಿಕ್ಕಿಗೆ ಬಂದ್ರೂ ಬೇರೇನೋ ಕಾಯಿಲೆ ಹೇಳಿ ಹೋಗ್ತಾನೆ.

ಈಗ ಕಾಗದಪತ್ರದ ವಿಷಯ. ಹೊರಗಿನೋರಿಗೆ ಇದು ಎಚ್‌ಐವಿ ವಿಷಯವೇ ಅಲ್ಲ ಅನ್ಸುತ್ತೆ, ನನಗಂತೂ ಅರ್ಧ ವಿಷಯ ಇದೇ. ರೇಷನ್ ಕಾರ್ಡ್ ಮಾಡಿಸೋಕೆ ವಿಳಾಸ ಬೇಕು, ವಿಳಾಸಕ್ಕೆ ಬಾಡಿಗೆ ಕರಾರು ಬೇಕು, ಇಂಥವಳಿಗೆ ಮನೆ ಕೊಟ್ಟಿದೀನಿ ಅಂತ ಬರೆದು ಕೊಡೋ ಓನರ್ ಯಾರು? ಕಾರ್ಡ್ ಇಲ್ಲ ಅಂದ್ರೆ ಅಕ್ಕಿ ಇಲ್ಲ, ಅಕ್ಕಿ ಇಲ್ಲ ಅಂದ್ರೆ ಅವತ್ತು ಗಿರಾಕಿ ಹೇಳಿದ್ದಕ್ಕೆಲ್ಲ ಹೂಂ. ಕೊರೊನಾ ಲಾಕ್‌ಡೌನಲ್ಲಿ ಇದು ಕಣ್ಣಿಗೆ ರಾಚೋ ಹಾಗೆ ಕಾಣಿಸ್ತು, ಆಗ ನಾನು ಪ್ರಾಜೆಕ್ಟ್ ಬಿಟ್ಟಿದ್ದೆ, ಆದ್ರೂ ಫೋನ್ ನಿಲ್ತಿರ್ಲಿಲ್ಲ. 2020ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟು ಗುರುತಿನ ಚೀಟಿ ಕೇಳದೆ ಲೈಂಗಿಕ ಕಾರ್ಯಕರ್ತೆಯರಿಗೆ ರೇಷನ್ ಕೊಡಿ ಅಂತ ರಾಜ್ಯಗಳಿಗೆ ಹೇಳ್ತು, 2022ರ ಮೇ ತಿಂಗಳ ಆದೇಶದಲ್ಲಿ ಏಡ್ಸ್ ನಿಯಂತ್ರಣ ಸಂಸ್ಥೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡ್ಬೇಕು, ಆಕೆ ವೃತ್ತಿ ಏನು ಅಂತ ಎಲ್ಲೂ ಬಯಲಾಗಬಾರದು ಅಂತ ಬಂತು. ಅದೇ ಆದೇಶದಲ್ಲಿ ಪೊಲೀಸರು ಅವರನ್ನ ಘನತೆಯಿಂದ ನಡೆಸ್ಕೊಳ್ಬೇಕು ಅಂತಲೂ ಇದೆ. 2017ರ ಎಚ್‌ಐವಿ ಕಾಯ್ದೆ, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ಕ್ಕೆ, ಒಪ್ಪಿಗೆ ಇಲ್ದೆ ಟೆಸ್ಟ್ ಮಾಡಬಾರದು, ರಿಪೋರ್ಟ್ ಇನ್ನೊಬ್ರಿಗೆ ಹೇಳಬಾರದು, ಕೆಲಸದಿಂದ ತೆಗೀಬಾರದು ಅನ್ನುತ್ತೆ. ಸೋಂಕು ತಡೆಯೋಕೆ ನಿರೋಧ ಹಂಚೋದು ಇಟ್ಕೊಳ್ಳೋದು ಇಂಥದ್ದೆಲ್ಲ ಅಪರಾಧ ಆಗಲ್ಲ ಅಂತಲೂ ಅದರಲ್ಲಿ ಇದೆ. ದೊಡ್ಡಕ್ಕನ ಚಂಚಿ ಕೊಡವಿದ್ದು ಈ ಕಾಯ್ದೆ ಬರೋಕೆ ಹನ್ನೆರಡು ಹದಿಮೂರು ವರ್ಷ ಮುಂಚೆ. ಆ ಹೆರಿಗೆ ವಾರ್ಡಿನ ಕೆಂಪಿಂಕು ಇವತ್ತಾಗಿದ್ರೆ ಕೇಸಾಗ್ತಿತ್ತು, ಕೇಸ್ ಹಾಕೋ ಧೈರ್ಯ ಆಕೆಗೆ ಇದ್ರೆ.

ಮಕ್ಕಳ ಶಾಲೆ ಅಂದೆನಲ್ಲ. ಅಡ್ಮಿಶನ್ ಫಾರ್ಮಲ್ಲಿ ತಂದೆ ಹೆಸರು ಅನ್ನೋ ಕಾಲಮ್ ಇರುತ್ತಲ್ಲ, ಆ ಒಂದು ಗೆರೆ ಎಷ್ಟು ಹುಡುಗೀರನ್ನ ಶಾಲೆ ಬಿಡಿಸಿದೆ ಅಂತ ನಮ್ಮ ಕಡೆ ದೇವದಾಸಿ ತಾಯಂದಿರನ್ನ ಕೇಳಿ. 2025ರಲ್ಲಿ ವಿಧಾನಸಭೆ ಪಾಸ್ ಮಾಡಿದ ಹೊಸ ದೇವದಾಸಿ ಮಸೂದೆಯಲ್ಲಿ ತಂದೆ ಹೆಸರು ಕಡ್ಡಾಯ ಮಾಡಬಾರದು ಅಂತ ಬಂದಾಗ ನಾನು ಆ ಸುದ್ದೀನ ಹತ್ತು ಜನಕ್ಕೆ ಫಾರ್ವರ್ಡ್ ಮಾಡಿದ್ದೆ. ಶಾಲೇಲಿ ಉಳಿದ್ರೆ ಮದುವೆ ತಡ ಆಗುತ್ತೆ, ಮುತ್ತು ಕಟ್ಟೋದು ತಪ್ಪುತ್ತೆ ಅಂತ ನಮಗೆಲ್ಲ ನಂಬಿಕೆ. ಇದನ್ನ ಪರೀಕ್ಷೆ ಮಾಡೋಕೆ ಅಂತಲೇ ವಿಜಯಪುರ ಬಾಗಲಕೋಟೆ ಹಳ್ಳಿಗಳಲ್ಲಿ ಪರಿಶಿಷ್ಟ ಜಾತಿ ಪಂಗಡದ ಹುಡುಗೀರ ಜೊತೆ ‘ಸಮತಾ’ ಅಂತ ದೊಡ್ಡ ಕಾರ್ಯಕ್ರಮ ನಡೀತು, ಕೊನೆಗೆ ಲೆಕ್ಕ ನೋಡಿದ್ರೆ ಕಾರ್ಯಕ್ರಮ ಇದ್ದ ಹಳ್ಳಿಗೂ ಇಲ್ಲದ ಹಳ್ಳಿಗೂ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಿಸ್ಲಿಲ್ಲ. ಇದನ್ನ ಮುಚ್ಚಿಡಬಾರದು ಅಂತ ಬರೀತಿದೀನಿ. ನನಗನ್ಸೋದು, ಆ ಹೊತ್ತಿಗೆ ಸರ್ಕಾರ 2006-07ರಿಂದ ಕೊಟ್ಕೊಂಡು ಬಂದ ಎಂಟನೇ ಕ್ಲಾಸಿನ ಸೈಕಲ್ಲು, ಊಟ, ಹಾಸ್ಟೆಲ್ಲು ಎಲ್ಲ ಸೇರಿ ಸುತ್ತಲಿನ ಹಳ್ಳಿಗಳೂ ಬದಲಾಗಿದ್ವು. ಸಂಜೆ ಐದಕ್ಕೆ ಮುಧೋಳ ರಸ್ತೇಲಿ ಹುಡುಗೀರ ಸೈಕಲ್ ಸಾಲು ನೋಡ್ದಾಗೆಲ್ಲ ನಾನು ಗಾಡಿ ನಿಧಾನ ಮಾಡ್ತೀನಿ.

ಔಷಧಿ ವಿಷಯದಲ್ಲೂ ದೂರ ಅನ್ನೋದೇ ಕಾಯಿಲೆ ಆಗಿತ್ತು. 2004ರ ಏಪ್ರಿಲಲ್ಲಿ ಸರ್ಕಾರ ವೈರಸ್ ಅದುಮೋ ಫ್ರೀ ಔಷಧಿ ಎಆರ್‌ಟಿ ಶುರು ಮಾಡಿದಾಗ ನಮ್ಮ ರಾಜ್ಯಕ್ಕೆ ಮೊದಲು ಬಂದಿದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಗುಳಿಗೆ ಫ್ರೀ, ಆದ್ರೆ ಬಸ್ ಚಾರ್ಜು, ಎರಡು ದಿನದ ಕೂಲಿ, ಎಲ್ಲಿಗೆ ಹೋಗಿದ್ದೆ ಅಂತ ಊರಲ್ಲಿ ಹೇಳೋ ಸುಳ್ಳು, ಇದ್ಯಾವುದೂ ಫ್ರೀ ಅಲ್ಲ. ಈಗ ಜಿಲ್ಲೆ, ತಾಲೂಕಿನ ಹತ್ರವೇ ಗುಳಿಗೆ ಕೊಡೋ ಲಿಂಕ್ ಸೆಂಟರುಗಳಿವೆ, 2017ರಿಂದ ಪಾಸಿಟಿವ್ ಅಂತ ಗೊತ್ತಾದ ತಕ್ಷಣ ಎಲ್ರಿಗೂ ಔಷಧಿ, ಮೊದಲಿನ ಹಾಗೆ ರೋಗ ತಡೆಯೋ ಸಿಡಿ4 ಕಣಗಳು ಇಳಿಯೋವರೆಗೂ ಕಾಯಿಸಲ್ಲ. ಸರಿಯಾಗಿ ಗುಳಿಗೆ ತಗೊಂಡು ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದ್ರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ರಿಗೆ ಹರಡಲ್ಲ, ಇದು ಇವತ್ತು ಜಗತ್ತೇ ಒಪ್ಪಿದ ಮಾತು. ಅಂದ್ರೆ ಚಿಕಿತ್ಸೆನೇ ತಡೆ. ಆದ್ರೆ ಗುಳಿಗೆ ಡಬ್ಬಿ ಮನೇಲಿ ಎಲ್ಲಿಡ್ಲಿ ಅಂತ ಯೋಚಿಸೋ ಸೊಸೆ ಇರೋವರೆಗೂ ಆ ತಡೆ ಅರ್ಧಂಬರ್ಧ. ಜೋಳದ ಹಿಟ್ಟಿನ ಡಬ್ಬಿ ಒಳಗೆ ಗುಳಿಗೆ ಬಚ್ಚಿಡ್ತಿದ್ದ ಹುಡುಗಿ ಒಬ್ಬಳಿದ್ಲು, ಅತ್ತೆ ರೊಟ್ಟಿ ಮಾಡೋಕೆ ಕೂತ ದಿನ ಅವಳ ಡೋಸ್ ತಪ್ಪೋದು.

ಈಗಿನ ಚಿಂತೆ ಬೇರೆ ಥರ. ಸೋಂಕು ಇಳೀತು ಅಂತ ಪ್ರಾಜೆಕ್ಟುಗಳಲ್ಲಿ ಜನ ಕಡಿಮೆ ಆದ್ರು, ಹೆಂಗಸರು ಬಂದು ಕೂತು ಸುಧಾರಿಸ್ಕೊಳ್ತಿದ್ದ ಡ್ರಾಪ್ ಇನ್ ಸೆಂಟರ್ ಮುಚ್ಚಿದ ಊರುಗಳಿವೆ. ಬಸ್ ಸ್ಟ್ಯಾಂಡಲ್ಲಿ ನಿಲ್ಲೋರು ಕಡಿಮೆ, ಎಲ್ಲ ಮೊಬೈಲಲ್ಲೇ ಮಾತಾಗುತ್ತೆ, ಲಾಡ್ಜು ಗೊತ್ತಾಗುತ್ತೆ, ಪಿಯರ್ ಹೋಗಿ ಯಾರನ್ನ ಭೇಟಿ ಮಾಡ್ಬೇಕು? ಒಬ್ಬಳೇ ಲಾಡ್ಜ್ ರೂಮಲ್ಲಿ ಇರೋ ಹುಡುಗಿಗೆ ತೊಂದ್ರೆ ಆದ್ರೆ ಅಕ್ಕಪಕ್ಕ ಕೂಗೋಕೆ ಸಂಘದ ಅಕ್ಕಂದಿರಿಲ್ಲ. ಸೋಂಕು ಬರದ ಹಾಗೆ ಮುಂಚೇನೇ ತಗೊಳೋ ಪ್ರೆಪ್ ಗುಳಿಗೇನ ಮೈಸೂರಿನ ಅಶೋದಯ, ಕೋಲ್ಕತಾದ ಸೋನಾಗಾಚಿಯಲ್ಲಿ ಪ್ರಯೋಗ ಮಾಡಿ, ಹೆಂಗಸರು ಬಿಡದೆ ತಗೊಳ್ತಾರೆ ಅಂತ ತೋರಿಸಿ ವರ್ಷಗಳಾದ್ವು, ಅಲ್ಲಿ ಅದು ನಡೆದಿದ್ದು ಸಂಘ ಬಲವಾಗಿತ್ತು ಅಂತ. ಸಂಘ ಇಲ್ಲದ ಕಡೆ ಬರೀ ಗುಳಿಗೆ ಕಳಿಸಿದ್ರೆ ಅದೂ ದೊಡ್ಡಕ್ಕನ ನಿರೋಧದ ಹಾಗೆ ವಾಪಸ್ ಬರುತ್ತೆ ಅನ್ನೋ ಭಯ ನನಗೆ.

ಕಾಲೇಜಿನ ಹುಡುಗ್ರಿಗೆ 1097 ನಂಬರ್ ಹೇಳ್ತೀನಿ, ಫ್ರೀ ಸಹಾಯವಾಣಿ, ಫೋನಲ್ಲಿ ಸೇವ್ ಮಾಡ್ಕೊಳಿ ಅಂತ. ನಿರೋಧದ ಬಗ್ಗೆನೂ ಹೇಳ್ತೀನಿ, ತಿಳುವಳಿಕೆ ಬೇಡ ಅಂತ ನಾನು ಯಾವತ್ತೂ ಅನ್ನಲ್ಲ. ಆದ್ರೆ ಬ್ಯಾನರ್ ಬದಲಾಯಿಸಿ ಸರ್ ಅಂತ ಲೆಕ್ಚರರ್‌ಗೆ ಮೆಸೇಜ್ ಹಾಕಿದೀನಿ, ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ನನ್ನ ಜೊತೆ ದೊಡ್ಡಕ್ಕನ್ನೂ ಕರ್ಕೊಂಡು ಬರ್ಲಾ ಅಂತಲೂ ಕೇಳಿದೀನಿ.

ಆಕೆಗೆ ಈಗ ಐವತ್ತು ದಾಟಿದೆ, ದಂಧೆ ಬಿಟ್ಟು ವರ್ಷಗಳಾದ್ವು, ಎರಡು ಮೇಕೆ ಇವೆ, ಮಗಳು ನರ್ಸಿಂಗ್ ಮುಗಿಸಿ ಕೆಲಸದಲ್ಲಿದ್ದಾಳೆ. ಟೆಸ್ಟ್ ಪ್ರತಿ ಸಲನೂ ನೆಗೆಟಿವ್. ನಿನ್ನೆ ರಾತ್ರಿ ಫೋನ್ ಮಾಡಿದ್ಲು, ಕಾಲೇಜಿನ ಮಾತಿಗಲ್ಲ, ಪಿಂಚಣಿ ಪಟ್ಟೀಲಿ ಆಕೆ ಹೆಸರಿದೆ, ಸಾಂಗ್ಲಿಯಲ್ಲಿದ್ದಾಗ ಸಮೀಕ್ಷೆ ಆಯ್ತು ಅಂತ ತಂಗಿ ಹೆಸರು ಬಿಟ್ಟುಹೋಗಿದೆ, ಆಫೀಸಲ್ಲಿ ಸಮೀಕ್ಷೇಲಿ ಇಲ್ದೋರು ದೇವದಾಸಿನೇ ಅಲ್ಲ ಅಂದ್ರಂತೆ. ‘ಅಕ್ಕಾರ, ಮುಂಜಾನೆ ಹತ್ತಕ್ಕ ನೀವೂ ಬರ್ರಿ, ಇಬ್ಬರೂ ಕೂಡಿ ಕೇಳೂಣು’ ಅಂದ್ಲು. ಬೆಳಗ್ಗೆ ಒಂಬತ್ತೂವರೆ ಬಸ್ಸಿಗೆ ಹೊರಡ್ಬೇಕು, ತಂಗಿಯ ಹಳೇ ಶಾಲೆ ದಾಖಲೆ ಜೆರಾಕ್ಸ್ ಮಾಡಿಸಿ ಇಟ್ಕೊಂಡಿದೀನಿ.